ಕಥೆ ನಿಲ್ಲಿಸಬಹುದಾದ ಜಾಗ

ಅಮೆರಿಕದ ನ್ಯೂಕ್ಯಾಸಲ್‌ನ ನಮ್ಮ ಮನೆಯಲ್ಲಿ ರೊಟ್ಟಿ ತಟ್ಟುವ ಹೊತ್ತನ್ನು ನಿಶ್ಚಯಿಸುತ್ತಿದ್ದದ್ದು ನಮ್ಮ ಹಸಿವಲ್ಲ, ಕೆಳಗಿನ ಮನೆಯ ನರ್ಸಮ್ಮನ ನಿದ್ದೆ. ಆಕೆಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಆಯಿ, ಅಂದರೆ ನನ್ನ ಅಪ್ಪನ ತಾಯಿ, ಕೆಲವು ತಿಂಗಳ ಮಟ್ಟಿಗೆ ಊರಿಂದ ಬಂದ ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಅಡುಗೆಮನೆಯ ಕಟ್ಟೆಯ ಮೇಲೆ ಹಲಗೆ ಇಟ್ಟು ಜೋಳದ ರೊಟ್ಟಿ ತಟ್ಟಲು ಶುರು ಮಾಡಿದ್ದೇ ತಡ, ನರ್ಸಮ್ಮ ನೈಟ್‌ಗೌನಿನಲ್ಲೇ ಮೆಟ್ಟಿಲು ಹತ್ತಿ ಬಂದಳಂತೆ. ಮೇಲೆ ಯಾರೋ ಗೋಡೆ ಒಡೆಯುತ್ತಿದ್ದಾರೆಂದು ಆಕೆ ತಿಳಿದಿದ್ದಳು. ಅವ್ವ ಹತ್ತು ಸಲ ಸಾರಿ ಅಂದಳು. ಇಂಗ್ಲಿಷ್ ಬಾರದ ಆಯಿ ಮಾತ್ರ ಜಗಳಕ್ಕೆ ಬಂದವಳನ್ನು ಕೈಹಿಡಿದು ಒಳಗೆ ಕೂರಿಸಿ, ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಮುಂದಿಟ್ಟಳು. ಆಕೆ ತಿಂದಳು, ಚೆನ್ನಾಗಿದೆ ಎಂದಳು, ಇನ್ನೊಂದನ್ನೂ ತಿಂದಳು, ಆದರೂ ಈ ಸದ್ದು ಮಧ್ಯಾಹ್ನ ಮೂರರ ಮೇಲೆ ಆಗಲಿ ಎಂದು ಹೇಳಿಯೇ ಎದ್ದಳು. ಹಾಗಾಗಿ ನಾನು ಸ್ಕೂಲಿನಿಂದ ಬಂದು ಒದ್ದೆ ಜಾಕೆಟ್ ನೇತುಹಾಕುವ ಹೊತ್ತಿಗೆ ಸರಿಯಾಗಿ ಆಯಿಯ ಎಸರು ಕುದಿಯುತ್ತಿರುತ್ತಿತ್ತು. ನನ್ನ ಬದುಕಿನ ದಿಕ್ಕು ಬದಲಾದದ್ದು ಆ ಹೊತ್ತಿನಲ್ಲಿ, ಆ ಕಟ್ಟೆಯ ಪಕ್ಕದ ಎತ್ತರದ ಸ್ಟೂಲಿನ ಮೇಲೆ.

ಆಗ ನನಗೆ ಹದಿನಾಲ್ಕು. ಅಪ್ಪ ಮೊದಲು ಬಂದವನು, ಪಕ್ಕದ ಫ್ಯಾಕ್ಟೋರಿಯಾದ ಆಫೀಸೊಂದರಲ್ಲಿ ಇಂಜಿನಿಯರ್. ಆಮೇಲೆ ಅವ್ವ ಬಂದಳು. ನನ್ನ ಓದು ಕೆಡಬಾರದೆಂದು ಎರಡು ವರ್ಷ ನನ್ನನ್ನು ನರಗುಂದದಲ್ಲಿ ಆಯಿಯ ಬಳಿ ಬಿಟ್ಟಿದ್ದರು. ಆ ಎರಡು ವರ್ಷ ಆಯಿ ನನ್ನನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ಆದರೂ ನಾನು ದಿನವೂ ಅವ್ವನ ಹಳೆಯ ಸೀರೆಯೊಂದನ್ನು ತಲೆದಿಂಬಿಗೆ ಸುತ್ತಿಕೊಂಡು ಮಲಗುತ್ತಿದ್ದೆ. ಈ ಎರಡೂ ನಿಜ, ಒಂದರಿಂದ ಇನ್ನೊಂದು ಸುಳ್ಳಾಗುವುದಿಲ್ಲ. ಕೊನೆಗೆ ಒಂದು ಆಗಸ್ಟಿನಲ್ಲಿ ನನ್ನನ್ನೂ ಕರೆಸಿಕೊಂಡು ಇಲ್ಲಿನ ಒಂಬತ್ತನೆಯ ಕ್ಲಾಸಿಗೆ ಹಾಕಿದರು. ಮೊದಲ ವಾರ ಇಂಗ್ಲಿಷ್ ಕ್ಲಾಸಿನಲ್ಲಿ ಪಕ್ಕದ ಹುಡುಗಿ ನನ್ನ ಊರು ಯಾವುದೆಂದು ಕೇಳಿದಳು. ಹೇಳಿದೆ. "ಸಾರಿ?" ಅಂದಳು. ಮತ್ತೆ ಹೇಳಿದೆ. ಮತ್ತೆ "ಸಾರಿ?" ಮೂರು ಸಲ ಹೇಳಿದೆ, ನಾಲ್ಕನೆಯ ಸಲ ಹೇಳಲಿಲ್ಲ. ಅವಳು ಕೆಟ್ಟವಳಲ್ಲ, ನಿಜವಾಗಿಯೂ ಕೇಳಿಸಿರಲಿಲ್ಲ ಅಷ್ಟೇ. ಆದರೆ ಅಂದು ಮುಚ್ಚಿದ ಬಾಯಿಯನ್ನು ನಾನು ಆ ಕ್ಲಾಸಿನಲ್ಲಿ ಏಳು ತಿಂಗಳು ತೆರೆಯಲಿಲ್ಲ. ಹಾಜರಿಗೆ ಕೈ ಎತ್ತುತ್ತಿದ್ದೆ, ಪ್ರಶ್ನೆಗೆ ತಲೆ ಅಲ್ಲಾಡಿಸುತ್ತಿದ್ದೆ, ಬರೆಯುವುದನ್ನೆಲ್ಲ ಅಚ್ಚುಕಟ್ಟಾಗಿ ಬರೆಯುತ್ತಿದ್ದೆ. ಹಟಮಾರಿ ಅಂತ ನೀವು ಅಂದುಕೊಂಡರೆ ತಪ್ಪಿಲ್ಲ, ನಾನು ಈಗಲೂ ಹಾಗೇ.

ಮಾರ್ಚ್ ತಿಂಗಳಲ್ಲಿ ಸ್ಕೂಲಿನಿಂದ ಫೋನ್ ಬಂತು. ಬರವಣಿಗೆಯಲ್ಲಿ ತೊಂದರೆ ಇಲ್ಲ, ಆದರೆ ಬಾಯಿಮಾತಿನ ಪರೀಕ್ಷೆಯಲ್ಲೂ ಸುಮ್ಮನಿದ್ದರೆ ಒಂಬತ್ತನೆಯ ಕ್ಲಾಸನ್ನೇ ಇನ್ನೊಂದು ವರ್ಷ ಓದಬೇಕಾದೀತು ಎಂದರಂತೆ. ಆ ಸಂಜೆ ಊಟಕ್ಕೆ ಕೂತಾಗ ಅಪ್ಪ ತಟ್ಟೆಯಲ್ಲಿದ್ದ ಝುಣಕವನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತ ಮಾತು ತೆಗೆದ.

"ಒಂದ್ ವರ್ಷ ವೇಸ್ಟ್ ಮಾಡೂದಕಿಂತ ಊರಾಗ ಓದಲಿ. ಜೂನ್‌ದಾಗ ನಮ್ಮವ್ವ ಊರಿಗೆ ಹೊಳ್ಳಿ ಹೊಕ್ಕಾಳಲ್ಲ, ಅಕೀ ಕೂಡ ಕಳಿಸಿ ಬಿಡೂಣು."

"ಎರಡ ವರ್ಷ ಬಿಟ್ಟಿದ್ದು ಸಾಲಲಿಲ್ಲೇನ್ರಿ ನಿಮಗ?" ಎಂದಳು ಅವ್ವ.

"ನಾ ಏನ್ ಖುಷಿಲೆ ಹೇಳಾಕತ್ತೀನೇನ? ಹುಡುಗಿ ಬಾಯಿನ ಬಿಡವಲ್ಲದು. ಇಲ್ಲಿದ್ದ ಏನ್ ಮಾಡ್ತಾಳ?"

ಆಯಿ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ ಮಗನ ಪರ ನಿಂತಳು.

"ಕಳಿಸಪಾ ನನ್ನ ಕೂಡ. ನಾ ನೋಡ್ಕೊಂತೀನಿ. ಅಲ್ಲಿ ಎಷ್ಟ ಮಾತಾಡ್ತಿದ್ಲು, ಓಣಿ ಮಂದಿ ಕಿವಿ ಮುಚ್ಚಿಕೊಂತಿದ್ರು."

ಮೂವರೂ ನನ್ನ ಮುಖ ನೋಡಿದರು. ನನಗೆ ಅವ್ವನನ್ನು ಬಿಟ್ಟು ಹೋಗುವುದಿಲ್ಲ ಎಂದು ಕೂಗಬೇಕೆನಿಸಿತು. ಆದರೆ ಆಯಿ ಎದುರಿಗೇ ಕೂತಿದ್ದಳು, ಕೈಯಲ್ಲಿ ನನಗಾಗಿ ಬೆಣ್ಣೆ ಹಿಡಿದುಕೊಂಡು. ಅವಳ ಮುಖ ನೋಡಿಕೊಂಡು ಆ ಮಾತು ಹೇಗೆ ಹೇಳಲಿ? ಸ್ಕೂಲಿನಲ್ಲಿ ಮಾಡುತ್ತಿದ್ದುದನ್ನೇ ಮನೆಯಲ್ಲೂ ಮಾಡಿದೆ. ತಲೆ ತಗ್ಗಿಸಿ ರೊಟ್ಟಿ ಮುರಿದೆ. ಬಾಯಿಪರೀಕ್ಷೆ ಮುಗಿದ ಮೇಲೆ ತೀರ್ಮಾನ ಎಂದು ಅಪ್ಪ ಕೈ ತೊಳೆದುಕೊಂಡ.

ಬಾಯಿಪರೀಕ್ಷೆಯೆಂದರೆ ಒಂದು ಪದ್ಯವನ್ನು ಬಾಯಿಪಾಠ ಮಾಡಿ ಕ್ಲಾಸಿನ ಮುಂದೆ ನಿಂತು ಒಪ್ಪಿಸುವುದು. ಟೀಚರ್ ಎತ್ತರದ ಹೆಂಗಸು, ನರೆತ ಕೂದಲನ್ನು ಒಂದೇ ಜಡೆ ಹಾಕಿಕೊಳ್ಳುತ್ತಿದ್ದಳು. ಅವಳಿಗೆ ಆರುನೂರು ವರ್ಷದ ಹಿಂದಿನ ಇಂಗ್ಲಿಷ್ ಕಥೆಪದ್ಯಗಳ ಹುಚ್ಚು. ಒಂದು ದಿನ ಜೆರಾಕ್ಸ್ ಹಾಳೆಗಳ ಕಟ್ಟನ್ನು ಎಲ್ಲರಿಗೂ ಹಂಚಿದಳು. ಎಡಕ್ಕೆ ಹಳೆಯ ಇಂಗ್ಲಿಷ್, ಬಲಕ್ಕೆ ಇಂದಿನದು. ಬರೆದವನ ಹೆಸರು ಯಾರಿಗೂ ತಿಳಿಯದಂತೆ. ಉತ್ತರದ ಸೀಮೆಯ ಸರದಾರನೊಬ್ಬನ ಮಗಳ ಕಥೆ ಅದು. ಅಣ್ಣನ ಮೇಲೆ ಸುಳ್ಳು ಆರೋಪ ಹೊರಿಸಿ ಸೆರೆಯಲ್ಲಿಟ್ಟಿದ್ದಾರೆ. ತಂಗಿ ಅವನ ಕವಚ ತೊಟ್ಟು, ಅವನ ಕುದುರೆ ಏರಿ, ರಾಜನ ಮುಂದೆ ನಿಜ ಹೇಳಲು ಹೊರಡುತ್ತಾಳೆ. ನಾವು ಕಲಿಯಬೇಕಾದದ್ದು ಮೂರನೆಯ ಭಾಗದ ಇಪ್ಪತ್ತನಾಲ್ಕು ಸಾಲು. ಹೆಪ್ಪುಗಟ್ಟಿದ ಹೊಳೆಯನ್ನು ಆ ಹುಡುಗಿ ದಾಟುವಾಗ ನಡುವೆ ಹಿಮದ ಹಾಸು ಬಿರಿದು, ಕುದುರೆ ಸಮೇತ ಅವಳು ಒಳಗೆ ಬೀಳುತ್ತಾಳೆ. ಅಲ್ಲಿಗೆ ಇಪ್ಪತ್ತನಾಲ್ಕು ಮುಗಿಯುತ್ತದೆ. ಆ ಕಾಲದ ಉಚ್ಚಾರ ಹೇಗಿತ್ತೆಂದು ತೋರಿಸಲು ಟೀಚರ್ ಒಂದು ರೆಕಾರ್ಡಿಂಗ್ ಹಾಕಿದಳು. ನಾನು ಕಿವಿ ನಿಮಿರಿಸಿದೆ. ರಕಾರವನ್ನು ನಾಲಗೆ ಗುಡುಗಿಸಿ ಹೇಳುತ್ತಿದ್ದರು, ಬರೆದ ಅಕ್ಷರವನ್ನೆಲ್ಲ ನುಂಗದೆ ಉಚ್ಚರಿಸುತ್ತಿದ್ದರು. ಥೇಟ್ ನಮ್ಮ ನರಗುಂದದ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರ ಹಾಗೆ! ಕ್ಲಾಸಿನಲ್ಲಿದ್ದ ಉಳಿದವರೆಲ್ಲ ತಮ್ಮದೇ ಭಾಷೆಯ ಮುಂದೆ ತೊದಲುತ್ತ ಕೂತಿದ್ದರು. ನನಗೆ ಒಳಗೊಳಗೇ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ, ಅದು ಸ್ವಲ್ಪ ಕೆಟ್ಟ ಸಂತೋಷವೇ.

ಅಂದು ಮೂರಕ್ಕೆ ಸ್ಟೂಲಿನ ಮೇಲೆ ಕೂತು ಮೆಲ್ಲಗೆ ಓದಿಕೊಳ್ಳುತ್ತಿದ್ದೆ. ಹಿಟ್ಟು ನಾದುತ್ತಿದ್ದ ಆಯಿ ಕೈ ನಿಲ್ಲಿಸಿದಳು.

"ಏನದು ನೀಲವ್ವಾ? ಪುರಾಣ ಇದ್ದಂಗ ಐತಲ್ಲ?"

"ಇಂಗ್ಲಿಷ್ ಪದ್ಯ ಆಯಿ. ಭಾಳ ಹಳೇದು. ಬಾಯಿಪಾಠ ಮಾಡ್ಬೇಕು."

"ಗಟ್ಟ್ಯಾಗಿ ಓದ. ನಾ ತಟ್ಟತೀನಿ, ನೀ ಓದ. ಓದಿ ಅರ್ಥ ಹೇಳ."

ಊರಿನಲ್ಲಿ ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಹಚ್ಚುತ್ತಿದ್ದರು. ಒಬ್ಬರು ಹಳಗಾಲದ ಪದ್ಯವನ್ನು ರಾಗವಾಗಿ ಓದುವುದು, ಇನ್ನೊಬ್ಬರು ಅದನ್ನು ಬಿಡಿಸಿ ಅರ್ಥ ಹೇಳುವುದು. ಓಣಿಯ ಹೆಂಗಸರೆಲ್ಲ ಬತ್ತಿ ಹೊಸೆಯುತ್ತ, ಕಾಳು ಹಸನು ಮಾಡುತ್ತ ಕೇಳುತ್ತಿದ್ದರು. ಆಯಿ ಓದಿದ್ದು ನಾಲ್ಕನೆಯ ಇಯತ್ತೆ, ಆದರೆ ಹಾಗೆ ಕೇಳಿ ಕೇಳಿಯೇ ನೂರಾರು ಪದ್ಯ ಅವಳ ಬಾಯಲ್ಲಿದ್ದವು. ಈಗ ನ್ಯೂಕ್ಯಾಸಲ್‌ನ ಅಡುಗೆಮನೆಯಲ್ಲಿ ಓದುವವಳೂ ನಾನೇ, ಅರ್ಥ ಹೇಳುವವಳೂ ನಾನೇ ಆದೆ. ಒಂದು ಸಾಲನ್ನು ಹಳೆಯ ಇಂಗ್ಲಿಷಿನಲ್ಲಿ ಹೇಳುವುದು, ಆಮೇಲೆ ಅದನ್ನು ನರಗುಂದದ ಮಾತಿಗೆ ತಿರುಗಿಸುವುದು. ಸಾಲಿಗೆ ನಾಲ್ಕು ಪೆಟ್ಟು. ಆಯಿಯ ಅಂಗೈ ತಾನಾಗಿಯೇ ಅದನ್ನು ಹಿಡಿಯಿತು. ನಾಲ್ಕು ಬಡಿತ, ರೊಟ್ಟಿಯನ್ನು ಒಂದು ಸುತ್ತು ತಿರುಗಿಸುವುದು, ಮತ್ತೆ ನಾಲ್ಕು. ಅವಳ ಕೈ ಓಡಿದ ಹಾಗೆ ನನ್ನ ನಾಲಗೆ ಓಡಿತು. ಐದು ರೊಟ್ಟಿ ಆಗುವಷ್ಟರಲ್ಲಿ ಹನ್ನೆರಡು ಸಾಲು ಬಂದಿತ್ತು. ಮರುದಿನ ಇಪ್ಪತ್ತನಾಲ್ಕೂ ಬಂತು. ಹುಡುಗಿ ನೀರಿಗೆ ಬಿದ್ದಳು, ನಾನು ಹಾಳೆ ಮಡಿಸಿದೆ.

"ಮುಗೀತು ಆಯಿ. ಇಷ್ಟ ಕಲೀಬೇಕಾಗಿದ್ದು."

ಆಯಿ ಕೈಯಲ್ಲಿದ್ದ ಹಸಿ ರೊಟ್ಟಿಯನ್ನು ಹಂಚಿಗೆ ಹಾಕದೆ ನನ್ನನ್ನೇ ನೋಡಿದಳು.

"ಹೆಣ್ಣಮಗಳನ್ನ ನೀರಾಗ ಬಿಟ್ಟ ಪುಸ್ತಕ ಮುಚ್ಚತಾರೇನ? ಯಾರ ಕಲಿಸಿದ್ರ ನಿನಗ?"

ಮಠದ ಪುರಾಣಕ್ಕೆ ಒಂದು ಕಟ್ಟುಪಾಡಿತ್ತು, ನಾನು ಮರೆತಿದ್ದೆ. ಕಥೆಯಲ್ಲಿ ಯಾರಾದರೂ ಸಂಕಟದಲ್ಲಿರುವಾಗ ಆ ದಿನದ ಓದು ನಿಲ್ಲಿಸುವ ಹಾಗಿಲ್ಲ. ಕಾಡಿನಲ್ಲಿದ್ದವರನ್ನು ಊರಿಗೆ ಮುಟ್ಟಿಸಬೇಕು, ಸೆರೆಯಲ್ಲಿದ್ದವರಿಗೆ ಒಂದು ಒಳ್ಳೆಯ ಸುದ್ದಿಯಾದರೂ ಸಿಗಬೇಕು, ಆಮೇಲೆ ಮಂಗಳ. ಇಲ್ಲವಾದರೆ ಕೇಳಿದವರ ಮನೆಗೆ ಒಳ್ಳೆಯದಲ್ಲ. ಹೊತ್ತು ಮೀರಿದರೂ, ಒಲೆಯ ಮೇಲಿನ ಸಾರು ಉಕ್ಕಿದರೂ ಯಾರೂ ಏಳುತ್ತಿರಲಿಲ್ಲ. ಸರಿ, ಹಾಳೆ ಬಿಚ್ಚಿ ಮುಂದೆ ಓದಿದೆ. ಇಪ್ಪತ್ತು ಸಾಲು ಕಳೆದ ಮೇಲೆ ಹುಡುಗಿ ಹೇಗೋ ದಡ ಹತ್ತಿದಳು, ಆದರೆ ಹತ್ತಿದ್ದೇ ಕಳ್ಳರ ಗುಡಿಸಲ ಬಾಗಿಲಿಗೆ.

"ಇಲ್ಲಿ ನಿಲ್ಲಸ್ಲಾ?" ಎಂದೆ.

"ಕಳ್ಳರ ಮನ್ಯಾಗ ಹುಡಿಗೀನ ಬಿಟ್ಟ ನೀ ಎದ್ದ ಹೊಕ್ಕೀಯೇನ? ಓದ, ಓದ."

ಕಳ್ಳನ ತಾಯಿ ಅವಳಿಗೆ ಬಿಸಿ ಅಂಬಲಿ ಕೊಟ್ಟಳು, ಒಣ ಬಟ್ಟೆ ಕೊಟ್ಟಳು. ಆಯಿ ಸ್ವಲ್ಪ ಉಸಿರಾಡಿದಳು. ಅಷ್ಟರಲ್ಲಿ ಕಳ್ಳ ಬಂದ. ಆ ಹೆಸರಿಲ್ಲದ ಕವಿ ಮಹಾ ಖದೀಮ. ಒಂದು ಸಂಕಟ ಮುಗಿಯುವ ಸಾಲಿನಲ್ಲೇ ಮುಂದಿನ ಸಂಕಟದ ತಲೆ ಕಾಣುವ ಹಾಗೆ ಹೆಣೆದಿದ್ದಾನೆ. ಮೊದಲನೆಯ ನಿಶ್ಚಿಂತೆಯ ಜಾಗ ಸಿಕ್ಕಿದ್ದು ಅಣ್ಣನ ಸೆರೆ ಬಿಟ್ಟ ಮೇಲೆ, ನೂರ ಇಪ್ಪತ್ತನೆಯ ಸಾಲಿನಲ್ಲಿ. ಅಂದು ನಮ್ಮ ಮನೆಯಲ್ಲಿ ಹದಿನೆಂಟು ರೊಟ್ಟಿಯಾದವು. ಇದ್ದವರು ನಾಲ್ಕೇ ಜನ. ಅವ್ವ ನಾಲ್ಕನ್ನು ಕಾಗದದಲ್ಲಿ ಸುತ್ತಿ ನರ್ಸಮ್ಮನಿಗೆ ಕೊಟ್ಟು ಬಂದಳು.

ಮುಂದೆ ಕಾಲೇಜಿನಲ್ಲಿ ನಾನು ಇಂಥ ಪದ್ಯಗಳನ್ನೇ ಓದಿದೆ. ಇವು ಯಾಕೆ ಇನ್ನೂ ಬದುಕಿವೆ ಎಂಬುದಕ್ಕೆ ದೊಡ್ಡವರು ದೊಡ್ಡ ಕಾರಣಗಳನ್ನು ಕೊಡುತ್ತಾರೆ, ನಾನು ಗೌರವದಿಂದ ಬರೆದುಕೊಂಡಿದ್ದೇನೆ. ನನಗೆ ತಿಳಿದ ಕಾರಣ ಮಾತ್ರ ಅಡುಗೆಮನೆಯದು. ಇವನ್ನು ಕಟ್ಟಿದವರಿಗೆ ಎದುರಿಗೆ ಕೂತವರು ಯಾರೆಂದು ಚೆನ್ನಾಗಿ ಗೊತ್ತಿತ್ತು. ಕೈಯಲ್ಲಿ ಕೆಲಸ ಇರುವವರು, ಓದು ಬಾರದವರು, ಮನೆಯಲ್ಲಿ ನೂರು ಚಿಂತೆ ಇರುವವರು. ಅವರ ಕೈಗೆ ಒಂದು ತಾಳ ಕೊಟ್ಟು, ಕಥೆಯಲ್ಲಿನ ಹುಡುಗಿಯನ್ನು ಅವರ ಮಡಿಲಿಗೆ ಹಾಕಿ, ಈಗ ಬಿಟ್ಟು ಎದ್ದು ಹೋಗು ನೋಡೋಣ ಎಂದು ಸವಾಲು ಹಾಕುತ್ತಾರೆ. ಸಮುದ್ರ ದಾಟಿ ಬಂದು, ಇಂಗ್ಲಿಷಿನ ಒಂದು ಮಾತೂ ಬಾರದೆ ಕೂತ ಮುದುಕಿಗೂ ಏಳಲಾಗಲಿಲ್ಲ. ಆಯಿ ಆ ಹುಡುಗಿಗೆ ಹೆಸರು ಕೂಡ ಇಟ್ಟಳು. ಆ ಇಂಗ್ಲಿಷ್ ಹೆಸರು ಅವಳ ಬಾಯಿಗೆ ಹಿಡಿಸಲಿಲ್ಲ, 'ಕುದರಿ ಗೌರವ್ವ' ಎಂದು ಕರೆದಳು. ಒಂದು ತಿಂಗಳು ನಮ್ಮ ಮನೆಯಲ್ಲಿ ಕುದರಿ ಗೌರವ್ವನದೇ ಮಾತು. ದಿನವೂ ರೊಟ್ಟಿಯ ಜೊತೆ ಹೇಳಿ ಹೇಳಿ ನೂರ ಇಪ್ಪತ್ತು ಸಾಲೂ ನನಗೆ ಬಾಯಿಗೆ ಬಂದವು. ಅಪ್ಪ ಆಫೀಸಿನಿಂದ ಬಂದು ಶೂ ಬಿಚ್ಚುತ್ತ, ಇವತ್ತು ಎಲ್ಲಿದ್ದಾಳೆ ನಿಮ್ಮ ಗೌರವ್ವ ಎಂದು ಕೇಳುತ್ತಿದ್ದ. ಆದರೆ ನನ್ನನ್ನು ಕಳಿಸುವ ಮಾತನ್ನು ಅವನು ಹಿಂದೆ ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ನೂರ ಇಪ್ಪತ್ತು ಸಾಲು ಹೇಳುವ ಹುಡುಗಿ ಕ್ಲಾಸಿನಲ್ಲಿ ಒಂದು ಸಾಲು ಹೇಳಿಯಾಳು ಎಂದು ಅವನಿಗೆ ನಂಬಿಕೆ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ.

ಬಾಯಿಪರೀಕ್ಷೆಯ ದಿನ ಪೀರಿಯಡ್ ಮುಗಿದೊಡನೆ ಟೀಚರ್ ಜೊತೆ ಅಪ್ಪನಿಗೆ ಮೀಟಿಂಗ್ ಇತ್ತು. ನನ್ನ ಸರದಿ ಬಂದಾಗ ಎದ್ದು ಹೋಗಿ ಬೋರ್ಡಿನ ಮುಂದೆ ನಿಂತೆ. ಯಾರೋ ಕುರ್ಚಿ ಎಳೆದರು, ಯಾರೋ ಕೆಮ್ಮಿದರು. ಕೊನೆಗೆ ನನ್ನ ಕೈ ನನಗೆ ತಿಳಿಯದೆ ಟೀಚರ್ ಮೇಜಿನ ಅಂಚನ್ನು ತಟ್ಟಿತು. ನಾಲ್ಕು ಪೆಟ್ಟು. ಹಿಂದೆಯೇ ಮಾತು ಬಂತು. ಮೊದಲ ಸಾಲು ನಡುಗುತ್ತಿತ್ತು, ಮೂರನೆಯದರಲ್ಲಿ ಕುದುರೆ ಹತ್ತಿದ್ದೆ, ಹತ್ತನೆಯದರಲ್ಲಿ ಹೊಳೆಯ ಮೇಲಿದ್ದೆ. ಇಪ್ಪತ್ತನಾಲ್ಕನೆಯ ಸಾಲಿಗೆ ಹಿಮ ಬಿರಿಯಿತು.

"ಥ್ಯಾಂಕ್ ಯೂ ನೀಲಾ, ತುಂಬ ಚೆನ್ನಾಗಿತ್ತು. ಕೂತುಕೋ," ಎಂದಳು ಟೀಚರ್, ಇಂಗ್ಲಿಷಿನಲ್ಲಿ.

ಪಾಸಾದೆ. ಕೂತುಕೊಳ್ಳಬಹುದಿತ್ತು. ಆದರೆ ಕಾಲು ಅಲ್ಲಾಡಲಿಲ್ಲ. ಹಾಗೆ ನಿಲ್ಲಿಸಿ ಹೋಗುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಏಳು ತಿಂಗಳಲ್ಲಿ ಆ ಕ್ಲಾಸಿನಲ್ಲಿ ನಾನು ಸ್ವಂತವಾಗಿ ಆಡಿದ ಮೊದಲ ಮಾತು ಇದು, ಇಂಗ್ಲಿಷಿನಲ್ಲೇ ಹೇಳಿದೆ:

"ಇಲ್ಲ ಮಿಸ್. ಅವಳಿನ್ನೂ ನೀರಿನಲ್ಲೇ ಇದ್ದಾಳೆ."

ಟೀಚರ್ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲೆ ಇಟ್ಟಳು. ನಾನು ಮುಂದುವರಿಸಿದೆ. ಯಾರಿಗೆ ಎಷ್ಟು ಅರ್ಥವಾಯಿತೋ! ಅವರೆಲ್ಲ ಇಪ್ಪತ್ತನಾಲ್ಕು ಸಾಲಿನಾಚೆ ಓದಿಯೇ ಇರಲಿಲ್ಲ. ಕಳ್ಳರ ಗುಡಿಸಲಿನ ಹತ್ತಿರ ನನಗೇ ಗೊತ್ತಾಯಿತು, ಮುಖಗಳು ಖಾಲಿಯಾಗಿವೆ. ಆಗ ಆಯಿಗೆ ಹೇಳುತ್ತಿದ್ದ ಹಾಗೆಯೇ, ನಾಲ್ಕು ಸಾಲು ಪದ್ಯ ಹೇಳಿ, ನಿಲ್ಲಿಸಿ, ಅದರ ಅರ್ಥವನ್ನು ಇಂದಿನ ಇಂಗ್ಲಿಷಿನಲ್ಲಿ ಬಿಡಿಸತೊಡಗಿದೆ. ನನ್ನದೇ ಇಂಗ್ಲಿಷ್, ನನ್ನದೇ ರಕಾರ. ಕಳ್ಳನ ತಾಯಿಯನ್ನು ಕಂಡರೆ ನಮ್ಮ ಆಯಿಯೇ ನೆನಪಾಗುತ್ತಾಳೆ ಎಂದೂ ಸೇರಿಸಿದೆ, ಅದು ಪದ್ಯದಲ್ಲಿಲ್ಲ. ಇಬ್ಬರ ಸರದಿ ನುಂಗಿ ಹಾಕಿ ಅಣ್ಣನನ್ನು ಸೆರೆ ಬಿಡಿಸಿದೆ. ಆಮೇಲೆ ಕೂತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಕ್ಕದ ಹುಡುಗಿ, ಮೂರು ಸಲ "ಸಾರಿ?" ಎಂದಿದ್ದವಳು, ನನ್ನ ಕಡೆ ಬಾಗಿದಳು.

"ಹಾಗಾದರೆ ಆ ಕುದುರೆ ಏನಾಯ್ತು?"

ಕುದುರೆ ತಾನೇ ಈಜಿ ಆಚೆ ದಡ ಸೇರಿತು, ಕೊನೆಯ ಭಾಗದಲ್ಲಿ ಮತ್ತೆ ಬರುತ್ತದೆ ಎಂದೆ. ಅವಳು ಸದ್ಯ ಎಂದು ಎದೆ ಮುಟ್ಟಿಕೊಂಡಳು. ಎರಡನೆಯ ಸಲ ಹೇಳಬೇಕಾಗಲಿಲ್ಲ.

ಅಪ್ಪ ಬೇಗ ಬಂದು ಬಾಗಿಲ ಹೊರಗೆ ನಿಂತಿದ್ದನೆಂದು ನನಗೆ ತಿಳಿದಿರಲಿಲ್ಲ. ಬಾಗಿಲಿನ ಸಣ್ಣ ಗಾಜಿನಿಂದ ಎಲ್ಲವನ್ನೂ ನೋಡಿದ್ದ. ಮೀಟಿಂಗ್ ಮುಗಿಸಿ ಕಾರು ಓಡಿಸುವಾಗ ಗುಡ್ಡದ ರಸ್ತೆಯ ಮಳೆಯಲ್ಲಿ ವೈಪರ್ ಹಾಕುವುದನ್ನೂ ಮರೆತಿದ್ದ, ಅವ್ವ ಫೋನ್ ಮಾಡಿದಾಗ ಕೈ ಹಾಕಿ ಕಟ್ ಮಾಡಿದ. ಮನೆಗೆ ಬಂದವನು ಶೂ ಹಾಕಿಕೊಂಡೇ ಅಡುಗೆಮನೆಗೆ ನಡೆದ. ಅಂಥ ಅಪರಾಧವನ್ನು ಅವನು ಹಿಂದೆಂದೂ ಮಾಡಿರಲಿಲ್ಲ.

"ಟೀಚರ್ ಅಂದ್ರು, ಇಕಿ ಪಾಸ್ ಅಂತ. ಮುಂದಿನ ವರ್ಷ ಎಲ್ಲಾರ ಕೂಡ ಹತ್ತನೇ ಕ್ಲಾಸು." ಅಪ್ಪ ನನ್ನ ಸ್ಟೂಲಿನ ಮೇಲೆ ಕೂತ. "ಇಕೀನ ನಿಲ್ಲಸಾಕ ಆಗವಲ್ದಾಗಿತ್ತು ಅವರಿಗೆ. ಇಲ್ಲೇ ಇರ್ಲಿ. ಎಲ್ಲೀಗೂ ಕಳಸೂದು ಬ್ಯಾಡ."

ಅವ್ವ ನಲ್ಲಿ ನಿಲ್ಲಿಸಿ, ಸಿಂಕಿನ ಅಂಚು ಹಿಡಿದುಕೊಂಡು ಅತ್ತಳು. ನನಗೆ ಅಳು ಬರಲಿಲ್ಲ, ಹಸಿವಾಯಿತು. ಅಂಥ ಹಸಿವು ಅಮೆರಿಕಕ್ಕೆ ಬಂದ ಮೇಲೆ ಆಗಿರಲೇ ಇಲ್ಲ. ನಿಂತುಕೊಂಡೇ ಮೂರು ರೊಟ್ಟಿ ತಿಂದೆ, ಬದನೆಕಾಯಿ ಪಲ್ಯದ ಬೋಗುಣಿಯನ್ನು ಬೆರಳಿನಿಂದ ಬಳಿದೆ. ಇನ್ನು ಅವ್ವ ನನ್ನವಳು, ಈ ಅಡುಗೆಮನೆ ನನ್ನದು ಎಂದು ಪ್ರತಿ ತುತ್ತಿಗೂ ಅನಿಸುತ್ತಿತ್ತು. ಆಯಿ ಎದುರಿಗೆ ನಿಂತು ಬಡಿಸುತ್ತಿದ್ದಳು.

"ಎಲ್ಲೀ ತನಕ ಹೇಳಿದಿ?"

"ಅಣ್ಣನ ಸೆರೆ ಬಿಡಸೂ ತನಕ."

"ಶಾಣ್ಯಾಕಿ," ಎಂದು ನನ್ನ ಗಲ್ಲ ಸವರಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಹೋದಳು.

ಆಯಿ ಮತ್ತು ನಾನು ಮಲಗುತ್ತಿದ್ದದ್ದು ಒಂದೇ ಕೋಣೆಯಲ್ಲಿ. ಕೈ ತೊಳೆದು ಹೋದರೆ, ಅವಳು ನೆಲದ ಮೇಲೆ ಕೂತು ಮಂಚದ ಕೆಳಗಿನ ದೊಡ್ಡ ಸೂಟ್‌ಕೇಸನ್ನು ಎಳೆದು ತೆರೆದಿದ್ದಳು. ಅವಳು ಊರಿಗೆ ಹೊರಡಲು ಇನ್ನೂ ಆರು ವಾರವಿತ್ತು. ಒಳಗೆ ಅವಳ ಸೀರೆಗಳ ನಡುನಡುವೆ ನನ್ನ ಬಟ್ಟೆಗಳಿದ್ದವು. ನನಗೆ ಬಿಗಿಯಾಗಿದೆ ಎಂದು ಎಲ್ಲೋ ಬಿಸಾಕಿದ್ದ ಹತ್ತಿಯ ಲಂಗಗಳನ್ನು ಹೊಲಿಗೆ ಬಿಚ್ಚಿ ಅಗಲ ಮಾಡಿ ಮಡಿಸಿಟ್ಟಿದ್ದಳು. ಯಾವಾಗ ಮಾಡಿದಳೋ! ಈಗ ಅವನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದಳು.

"ಆಯಿ, ನನಗ ಹೇಳೇ ಇಲ್ಲ ನೀ."

"ಹೇಳಿದ್ರ ನೀ ಹೂಂ ಅಂತಿದ್ದಿ. ನನಗ ಬ್ಯಾಸರ ಆಗಬಾರ್ದಂತ ಹೂಂ ಅಂತಿದ್ದಿ. ಮನಸಿನಾಗ ಏನೈತಿ, ಬಾಯಿ ಬಿಟ್ಟ ಹೇಳ ಈಗ."

ಆ ದಿನ ನೂರ ಇಪ್ಪತ್ತು ಸಾಲು ಹೇಳಿದವಳಿಗೆ ಈ ಒಂದು ಮಾತು ಹೊರಡಿಸುವುದು ಅದಕ್ಕಿಂತ ಕಷ್ಟವಾಯಿತು. ಅವಳ ಪಕ್ಕದಲ್ಲಿ ಕೂತು, ಅವಳ ಮುಖ ನೋಡಿಕೊಂಡೇ ಹೇಳಿದೆ.

"ಆಯಿ, ನಾ ಅವ್ವನ ಕಡೆ ಇರ್ತೀನಿ."

"ಗೊತ್ತೈತಿ ನನಗ. ನಿನ್ನ ಬಾಯಿಲೆ ಬರ್ಬೇಕಾಗಿತ್ತು, ಬಂತು. ತಗೋ, ನಿನ್ನ ಕಪಾಟಿನಾಗ ಇಟ್ಕೋ."

ಆಯಿ ಒಂದೊಂದೇ ಲಂಗವನ್ನು ಎತ್ತಿ ಕೊಟ್ಟಳು, ನಾನು ಒಂದೊಂದೇ ತೆಗೆದುಕೊಂಡೆ. ಕೊನೆಯದನ್ನು ನಾನು ಹಿಡಿದ ಮೇಲೂ ಅವಳು ಸ್ವಲ್ಪ ಹೊತ್ತು ಬಿಡಲಿಲ್ಲ.